ಚಿಮಣಿ ಮೊದಲು, ಒಲೆ ಆಮೇಲೆ

ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲಿ ಹಳೆಯ ಮನೆ ಕೊಂಡವರಿಗೆ ಮನೆಯ ಜೊತೆಗೆ ಒಂದು ಅಗ್ಗಿಷ್ಟಿಕೆಯೂ ಸಿಗುವುದುಂಟು. ಹಜಾರದ ಗೋಡೆಯಲ್ಲಿ ಇಟ್ಟಿಗೆಯ ಗೂಡು, ಅದರ ಮೇಲೆ ಫೋಟೋ ಇಡಲು ಮರದ ಹಲಗೆ, ಅಲ್ಲಿಂದ ಸೂರಿನಾಚೆಗೆ ಎದ್ದು ನಿಂತ ಚಿಮಣಿ. ಬಾಸ್ಟನ್ ಸುತ್ತಮುತ್ತ ನೆಲೆಸಿರುವ ನಮ್ಮ ಕಡೆಯವರಲ್ಲೂ ಇಂಥ ಮನೆಯ ಒಡೆಯರಿದ್ದಾರೆ. ಮನೆ ಬೆಚ್ಚಗಿಡಲು ಸುಟ್ಟ ಎಣ್ಣೆಯ ಮೊದಲ ಚಳಿಗಾಲದ ಬಿಲ್ಲು ಕೈಗೆ ಬಂದಾಗ ಗೋಡೆಯ ಆ ಗೂಡಿನ ಕಡೆ ಕಣ್ಣು ಹೋಗುವುದು ಸಹಜ. ಅಲ್ಲೊಂದು ಸೌದೆ ಒಲೆ ಕೂರಿಸಿದರೆ ಬಿಲ್ಲು ಇಳಿದೀತು ಎಂದು ಅಂಗಡಿಗೆ ಹೋಗುತ್ತಾರೆ. ಯಾವ ಕಂಪನಿಯದು, ಎರಕದ ಕಬ್ಬಿಣವೋ ಉಕ್ಕಿನ ತಗಡೋ, ಗಾಜಿನ ಬಾಗಿಲು ಎಷ್ಟು ದೊಡ್ಡದು, ಎಷ್ಟು ಚದರಡಿ ಮನೆಗೆ ಸಾಕಾಗುತ್ತದೆ ಎಂಬ ಪ್ರಶ್ನೆಗಳು ಏಳುತ್ತವೆ. ಕೇಳಬೇಕಾದ ಪ್ರಶ್ನೆಗಳೇನೋ ಹೌದು, ಆದರೆ ಇವೆಲ್ಲ ಕೊನೆಗೆ ಕೇಳಬೇಕಾದವು. ಅಗ್ಗಿಷ್ಟಿಕೆ ಇರುವ ಮನೆಯಲ್ಲಿ ಒಲೆ ಗೆಲ್ಲುವುದೂ ಸೋಲುವುದೂ ಚಿಮಣಿಯಲ್ಲಿ, ಆಮೇಲೆ ಸೌದೆಯಲ್ಲಿ, ಆಮೇಲೆ ಕೋಣೆಯ ಅಳತೆಯಲ್ಲಿ. ಒಲೆಯ ಮಾಡೆಲ್ಲಿನ ಪಾತ್ರ ಈ ಮೂರರ ನಂತರ. ಅಂಗಡಿಯವರು ಇದನ್ನು ತಲೆಕೆಳಗಾಗಿ ಹೇಳುತ್ತಾರೆ. ಅವರು ಮಾರುವುದು ಒಲೆಯನ್ನು, ಚಿಮಣಿಯನ್ನಲ್ಲ.

ಇರುವ ಅಗ್ಗಿಷ್ಟಿಕೆಯಲ್ಲೇ ಬೆಂಕಿ ಹಾಕಿದರೆ ಸಾಲದೇ ಎಂದು ಕೇಳಬಹುದು. ಸಾಲುವುದಿಲ್ಲ ಎನ್ನುವುದಕ್ಕಿಂತ, ಅದರಿಂದ ಮನೆ ಇನ್ನಷ್ಟು ತಣ್ಣಗಾಗುವ ಸಂಭವವೇ ಹೆಚ್ಚು. ತೆರೆದ ಅಗ್ಗಿಷ್ಟಿಕೆ ಸೌದೆಯ ಶಾಖದಲ್ಲಿ ಕೋಣೆಗೆ ಕೊಡುವುದು ಹತ್ತನೇ ಒಂದು ಪಾಲು, ಅದೂ ಹೆಚ್ಚೆಂದರೆ. ಜೊತೆಗೆ ಅದು ಗಂಟೆಗೆ 24,000 ಘನ ಅಡಿಯವರೆಗೂ ಮನೆಯೊಳಗಿನ ಗಾಳಿಯನ್ನು ಎಳೆದು ಆಚೆಗೆ ಕಳಿಸಬಲ್ಲದು ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. 1,500 ಚದರಡಿಯ, ಎಂಟು ಅಡಿ ಎತ್ತರದ ಮನೆಯಲ್ಲಿರುವ ಗಾಳಿಯೆಲ್ಲ ಸೇರಿ 12,000 ಘನ ಅಡಿ. ಅಂದರೆ ಎಣ್ಣೆ ಸುಟ್ಟು ಬೆಚ್ಚಗೆ ಮಾಡಿಟ್ಟ ಗಾಳಿ ಗಂಟೆಗೆ ಎರಡು ಸಲ ಖಾಲಿಯಾಗುತ್ತದೆ, ಅಷ್ಟೇ ತಣ್ಣನೆಯ ಗಾಳಿ ಕಿಟಕಿ ಬಾಗಿಲ ಸಂದಿಗಳಿಂದ ಒಳಗೆ ನುಗ್ಗುತ್ತದೆ. ಬೆಂಕಿಯ ಎದುರು ಕೂತವರ ಮುಖ ಬಿಸಿಯಾಗುತ್ತದೆ, ಮಹಡಿಯಲ್ಲಿ ಮಲಗಿದವರು ಇನ್ನೊಂದು ಕಂಬಳಿ ಹುಡುಕುತ್ತಾರೆ. ಹೊರಗೆ ಚಳಿ ಜೋರಾದಷ್ಟೂ ಈ ನಷ್ಟ ಹೆಚ್ಚು.

ಇದು ಹೊಸದಾಗಿ ಕಂಡುಕೊಂಡ ಸಂಗತಿಯಲ್ಲ. ಫಿಲಡೆಲ್ಫಿಯಾದ ಸುತ್ತ ಸೌದೆ ದುಬಾರಿಯಾಗುತ್ತಿದ್ದ ಕಾಲದಲ್ಲಿ, 1740ರ ದಶಕದ ಆರಂಭದಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ಕಬ್ಬಿಣದ ಹಲಗೆಗಳ ಒಂದು ಒಲೆಯನ್ನು ರೂಪಿಸಿದ. 1744ರಲ್ಲಿ ಅದರ ಬಗ್ಗೆ ಪುಸ್ತಿಕೆಯನ್ನೂ ಅಚ್ಚು ಹಾಕಿಸಿದ. ಪೇಟೆಂಟ್ ಕೊಡುತ್ತೇವೆಂದರೂ ಬೇಡವೆಂದ. ಹೊಗೆಯನ್ನು ಮೊದಲು ಕೆಳಕ್ಕೆ ಇಳಿಸಿ, ನೆಲದಡಿಯಿಂದ ಸುತ್ತಿಸಿ, ಆಮೇಲೆ ಚಿಮಣಿಗೆ ಹತ್ತಿಸುವುದು ಅವನ ಉಪಾಯ. ಕಾಗದದ ಮೇಲೆ ಒಳ್ಳೆಯ ಉಪಾಯವೇ. ಆದರೆ ಸುತ್ತಿ ಬರುವಷ್ಟರಲ್ಲಿ ಹೊಗೆ ತಣ್ಣಗಾಗಿ ಮೇಲೆ ಹತ್ತಲು ಒಲ್ಲದೆ ಕೋಣೆಗೇ ಮರಳುತ್ತಿತ್ತು. ಮುಂದೆ ಖಗೋಳಜ್ಞ ಡೇವಿಡ್ ರಿಟನ್‌ಹೌಸ್ ಮೊದಲಾದವರು ಹೊಗೆಯ ದಾರಿಯನ್ನು ನೇರ ಮಾಡಿದ ಮೇಲೆಯೇ ಫ್ರಾಂಕ್ಲಿನ್ ಹೆಸರಿನ ಒಲೆ ಮನೆ ಮನೆ ಸೇರಿದ್ದು. ಮ್ಯಾಸಚುಸೆಟ್ಸ್‌ನ ವೋಬರ್ನ್‌ನಲ್ಲಿ ಹುಟ್ಟಿ ಯೂರೋಪಿನಲ್ಲಿ ಹೆಸರು ಮಾಡಿದ ಬೆಂಜಮಿನ್ ಥಾಂಪ್ಸನ್, ಅಂದರೆ ಕೌಂಟ್ ರಮ್‌ಫರ್ಡ್, ಬೇರೆ ದಾರಿ ಹಿಡಿದ. 1796ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವನು ಹೊಸ ಒಲೆಯನ್ನೇನೂ ಮುಂದಿಡಲಿಲ್ಲ. ಅಗ್ಗಿಷ್ಟಿಕೆಯ ಆಳ ತಗ್ಗಿಸಿ, ಪಕ್ಕದ ಗೋಡೆಗಳನ್ನು ಓರೆ ಮಾಡಿ, ಚಿಮಣಿಯ ಗಂಟಲನ್ನು ಕಿರಿದುಗೊಳಿಸಿ ಎಂದ. ಗಾರೆಯವನು ಒಂದೆರಡು ದಿನದಲ್ಲಿ ಮುಗಿಸುವ ಕೆಲಸ. ಲಂಡನ್ನಿನ ಶ್ರೀಮಂತರು ತಮ್ಮ ಹೊಗೆ ಕಾರುವ ಅಗ್ಗಿಷ್ಟಿಕೆಗಳನ್ನು ಸಾಲಾಗಿ ಹಾಗೆ ಮಾಡಿಸಿಕೊಂಡರು. ಇಬ್ಬರೂ ಬುದ್ಧಿವಂತರೇ. ಚಿಮಣಿಯ ಗಂಟಲಿಗೆ ಗಮನ ಕೊಟ್ಟ ರಮ್‌ಫರ್ಡ್‌ನ ಉಪಾಯ ಹುಟ್ಟಿದ ರೂಪದಲ್ಲೇ ನಡೆಯಿತು, ಇನ್ನೊಬ್ಬನದನ್ನು ಬೇರೆಯವರು ತಿದ್ದಬೇಕಾಯಿತು.

ಚಿಮಣಿ ಹೊಗೆಯನ್ನು ಎಳೆಯುವುದು ಎರಡೇ ಸಂಗತಿಗಳ ಬಲದಿಂದ: ಅದರ ಎತ್ತರ, ಮತ್ತು ಒಳಗಿನ ಹೊಗೆಗೂ ಹೊರಗಿನ ಗಾಳಿಗೂ ಇರುವ ಬಿಸಿಯ ಅಂತರ. ಬಿಸಿ ಹೊಗೆ ಹಗುರ, ಮೇಲೇಳುತ್ತದೆ; ಅದು ತೆರವು ಮಾಡಿದ ಜಾಗಕ್ಕೆ ಒಲೆಯ ಬಾಯಿಂದ ಹೊಸ ಗಾಳಿ ಬರುತ್ತದೆ. ಒಲೆಗೆ ಉಸಿರು ಕೊಡುವುದೇ ಚಿಮಣಿ. ಸಮಸ್ಯೆ ಇರುವುದು ಚಿಮಣಿಯ ಅಗಲದಲ್ಲಿ. ತೆರೆದ ಅಗ್ಗಿಷ್ಟಿಕೆಗೆ ಗಾಳಿ ರಾಶಿಗಟ್ಟಲೆ ಬೇಕು, ಹಾಗಾಗಿ ಅದರ ಚಿಮಣಿ ಅಗಲವಾಗಿರುತ್ತದೆ. ಒಳಗೆ ಹನ್ನೆರಡಂಗುಲ ಚೌಕ ಎಂದು ಇಟ್ಟುಕೊಳ್ಳಿ, 144 ಚದರ ಅಂಗುಲ. ಮುಚ್ಚಿದ ಸೌದೆ ಒಲೆಯ ಹೊಗೆಬಾಯಿ ಸಾಮಾನ್ಯವಾಗಿ ಆರಂಗುಲ ದುಂಡಗೆ, 28 ಚದರ ಅಂಗುಲ. ಚಿಕ್ಕ ಬಾಯಿಂದ ಹೊರಟ ಹೊಗೆ ಐದು ಪಟ್ಟು ಅಗಲದ ಸುರಂಗಕ್ಕೆ ಬಿದ್ದಾಗ ಅದರ ವೇಗ ಐದನೇ ಒಂದು ಪಾಲಿಗೆ ಇಳಿಯುತ್ತದೆ, ತಣ್ಣನೆಯ ಇಟ್ಟಿಗೆಯ ಪಕ್ಕದಲ್ಲಿ ಐದು ಪಟ್ಟು ಹೊತ್ತು ತಂಗುತ್ತದೆ. ಅಮೆರಿಕದ ಅಗ್ನಿ ಸುರಕ್ಷಾ ಸಂಸ್ಥೆಯಾದ ಎನ್.ಎಫ್.ಪಿ.ಎ.ಯ 211ನೇ ಸಂಹಿತೆ ಇದಕ್ಕೊಂದು ಮಿತಿ ಹಾಕಿದೆ. ಚಿಮಣಿ ಮನೆಯ ನಡುವೆ ಎದ್ದಿದ್ದರೆ ಅದರ ಒಳ ವಿಸ್ತಾರ ಹೊಗೆಬಾಯಿಯ ಮೂರು ಪಟ್ಟನ್ನು ಮೀರಬಾರದು; ಹೊರಗೋಡೆಗೆ ಅಂಟಿಕೊಂಡು ಚಳಿಗೆ ಮೈಯೊಡ್ಡಿದ್ದರೆ ಎರಡು ಪಟ್ಟನ್ನು ಮೀರಬಾರದು. ಆರಂಗುಲದ ಹೊಗೆಬಾಯಿಗೆ 84 ಅಥವಾ 56 ಚದರ ಅಂಗುಲ ಅಷ್ಟೇ. ಸಾಧಾರಣ ಅಗ್ಗಿಷ್ಟಿಕೆಯ ಚಿಮಣಿ ಈ ಪರೀಕ್ಷೆಯಲ್ಲಿ ಪಾಸಾಗುವುದೇ ಇಲ್ಲ. ಅದಕ್ಕಾಗಿಯೇ ಒಲೆಯ ಬಾಯಿಂದ ಚಿಮಣಿಯ ತುದಿಯವರೆಗೆ ತುಕ್ಕು ಹಿಡಿಯದ ಉಕ್ಕಿನ ಕೊಳವೆ ಇಳಿಬಿಡುವುದು. ಅದಕ್ಕೆ ಲೈನರ್ ಎನ್ನುತ್ತಾರೆ. ಹೊರಗೋಡೆಯ ಚಿಮಣಿಯಾದರೆ ಆ ಕೊಳವೆಯ ಸುತ್ತ ಶಾಖ ತಡೆಯುವ ಹೊದಿಕೆಯೂ ಬೇಕು.

ಹೀಗೆ ತಂಗಿದ ಹೊಗೆ ಬರೀ ಸೋಮಾರಿಯಲ್ಲ, ಅಪಾಯಕಾರಿ. ಅರೆಬೆಂದ ಹೊಗೆಯಲ್ಲಿ ನೀರಾವಿ, ಟಾರು, ಆಮ್ಲಗಳು ಇರುತ್ತವೆ. ಹೊಗೆಯ ಬಿಸಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅವು ಗೋಡೆಗೆ ಹಿಡಿಯತೊಡಗುತ್ತವೆ. ಇದರ ಹೆಸರು ಕ್ರಿಯೋಸೋಟ್. ನಮ್ಮ ಹಳೆಯ ಅಡುಗೆಮನೆಗಳ ಅಟ್ಟದಲ್ಲಿ ತೂಗುವ ಇಲ್ಲಣದಂತೆ ಪೊರಕೆಗೆ ಉದುರುವ ಮಸಿ ಮಾತ್ರವಲ್ಲ ಇದು. ಮೊದಲು ಪುಡಿ, ಆಮೇಲೆ ಹೊಳೆಯುವ ಕರಿ ಹಕ್ಕಳೆ, ಕೊನೆಗೆ ಬುರುಶಿಗೂ ಬಗ್ಗದ, ಗಾಜಿನಂತೆ ಗಟ್ಟಿಯಾದ ಟಾರಿನ ಪದರ. ಒಂದು ರಾತ್ರಿ ಒಲೆ ಜೋರಾಗಿ ಉರಿದಾಗ ಆ ಪದರಕ್ಕೇ ಬೆಂಕಿ ಹತ್ತುತ್ತದೆ. ಒಳಗಿನ ಬಿಸಿ 1,000 ಡಿಗ್ರಿ ದಾಟುತ್ತದೆ, ಮಣ್ಣಿನ ಹೆಂಚಿನ ಒಳಪದರ ಬಿರಿಯುತ್ತದೆ, ಬಿರುಕಿನಿಂದ ಮನೆಯ ಮರದ ಚೌಕಟ್ಟಿಗೆ ದಾರಿಯಾಗುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕನ್ನರು ಸೌದೆಗೆ ಮುಗಿಬಿದ್ದಾಗ ಆದದ್ದು ಇದೇ. ಗಾಳಿ ಬಿಗಿಯಾಗಿ ಮುಚ್ಚುವ ಉಕ್ಕಿನ ಒಲೆಗಳನ್ನು ತಂದು ಅಗ್ಗಿಷ್ಟಿಕೆಯೊಳಗೆ ತಳ್ಳಿದರು, ಹೊಗೆಬಾಯಿಗೆ ಕೊಳವೆ ಜೋಡಿಸದೆ ‘ಹೇಗೂ ಮೇಲೆ ಚಿಮಣಿ ಇದೆಯಲ್ಲ’ ಎಂದು ಬಿಟ್ಟರು. ಹೊಗೆ ಆ ದೊಡ್ಡ ಗೂಡಿನೊಳಗೆ ಅಲೆದಾಡಿ ತನಗೆ ತೋಚಿದಾಗ ಮೇಲೆ ಹೋಗುತ್ತಿತ್ತು. ಹಾಗೆ ಕೂರಿಸಿದ ಒಲೆಗಳು ಹಳೆಯ ಮನೆಗಳಲ್ಲಿ ಇಂದೂ ಕಾಣಸಿಗುತ್ತವೆ. ಮನೆಯ ಜೊತೆಗೆ ಅಂಥದ್ದು ಬಂದಿದ್ದರೆ, ಮುಂಭಾಗ ಎಷ್ಟೇ ಹೊಳೆಯುತ್ತಿರಲಿ, ತಜ್ಞರು ನೋಡುವವರೆಗೆ ಕಡ್ಡಿ ಗೀರಬೇಡಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದು ಹಳೆಯ ಒಲೆಗಳ ಕಥೆ, ಹೊಸ ಒಲೆಗಳು ಹೊಗೆಯನ್ನೇ ಸುಡುತ್ತವೆ, ಈಗ ಚಿಮಣಿಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ ಎಂದು. ನಿಜ ಇದರ ವಿರುದ್ಧ ದಿಕ್ಕಿನಲ್ಲಿದೆ. ಹೊಸ ಒಲೆ ಸೌದೆಯ ಶಾಖದಲ್ಲಿ ನೂರಕ್ಕೆ 70ರಿಂದ 80 ಪಾಲನ್ನು ಕೋಣೆಗೆ ಕೊಡುತ್ತದೆ. ಆದ್ದರಿಂದಲೇ ಚಿಮಣಿಗೆ ಹೋಗುವ ಹೊಗೆಯಲ್ಲಿ ಶಾಖ ಕಡಿಮೆ. ಹಳೆಯ ಒಲೆ ಅರ್ಧ ಶಾಖವನ್ನು ಚಿಮಣಿಗೆ ಸುರಿದು ಅದನ್ನು ಬೆಚ್ಚಗಿಡುತ್ತಿತ್ತು, ಎಂಥ ಕೆಟ್ಟ ಚಿಮಣಿಯಲ್ಲೂ ಹೇಗೋ ಎಳೆಯುತ್ತಿತ್ತು. ಹೊಸದಕ್ಕೆ ಆ ಧಾರಾಳತನವಿಲ್ಲ. ಅದರೊಳಗಿನ ಸಣ್ಣ ಗಾಳಿಕಿಂಡಿಗಳಿಗೆ ನಿಗದಿತ ಎಳೆತ ಬೇಕು. ತಯಾರಕರು ಕೈಪಿಡಿಯಲ್ಲಿ ಕನಿಷ್ಠ ಎತ್ತರವನ್ನು ಬರೆದಿರುತ್ತಾರೆ, ಬಹಳಷ್ಟು ಒಲೆಗಳಿಗೆ ಅದು 15 ಅಡಿಯ ಆಸುಪಾಸು. ಒಂದೇ ಅಂತಸ್ತಿನ ಮನೆಯಲ್ಲಿ ಅಷ್ಟು ಎತ್ತರ ಸಿಗದೇ ಹೋಗಬಹುದು. ಚಿಮಣಿಯ ತುದಿ ಸೂರಿನಿಂದ ಮೂರಡಿ ಮೇಲಿರಬೇಕು, ಸುತ್ತ ಹತ್ತಡಿಯೊಳಗೆ ಇರುವ ಸೂರಿನ ಯಾವುದೇ ಭಾಗಕ್ಕಿಂತ ಎರಡಡಿ ಎತ್ತರವಿರಬೇಕು ಎಂಬ ನಿಯಮವೂ ಇದೆ. ಗಾಳಿ ಸೂರಿನ ಮೇಲೆ ಉರುಳಿ ಬಂದು ಹೊಗೆಯನ್ನು ಕೆಳಕ್ಕೆ ಒತ್ತಬಾರದೆಂದು. ಹಾಗಾಗಿ ಒಲೆ ಎಷ್ಟು ಒಳ್ಳೆಯದೋ ಚಿಮಣಿಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು. ದುಡ್ಡು ಸೀಮಿತವಾಗಿದ್ದರೆ ನನ್ನ ತೀರ್ಪು ಇದು: ಲೈನರಿಗೂ ಅದರ ಹೊದಿಕೆಗೂ ಮೊದಲು ತೆಗೆದಿಡಿ, ಉಳಿದದ್ದರಲ್ಲಿ ಎಂಥ ಒಲೆ ಬರುತ್ತದೋ ಅದನ್ನು ತನ್ನಿ. ಲೈನರ್ ಕೆಲಸದ ಖರ್ಚು ಎಷ್ಟೋ ವೇಳೆ ಒಲೆಯ ಬೆಲೆಗೇ ಸಮವಾಗುತ್ತದೆ, ಅದಕ್ಕೆ ಮನಸ್ಸು ಸಿದ್ಧವಿರಲಿ.

ಚಿಮಣಿ ಒಪ್ಪಿದ ಮೇಲೆ ಒಲೆಯ ಜಾತಿಯ ಪ್ರಶ್ನೆ. ಅಗ್ಗಿಷ್ಟಿಕೆಯ ಗೂಡಿನೊಳಗೇ ಸೇರಿಕೊಂಡು ಮುಖ ಮಾತ್ರ ತೋರಿಸುವುದು ಇನ್ಸರ್ಟ್. ಗೂಡಿನ ಮುಂದಿನ ಕಲ್ಲುಹಾಸಿನ ಮೇಲೆ ಕಾಲೂರಿ ನಿಂತು, ಹಿಂದಿನಿಂದ ಕೊಳವೆಯನ್ನು ಚಿಮಣಿಗೆ ಕಳಿಸುವುದು ಬಿಡಿ ಒಲೆ. ಇನ್ಸರ್ಟ್ ಜಾಗ ಉಳಿಸುತ್ತದೆ, ನೋಡಲು ಅಚ್ಚುಕಟ್ಟು, ಪುಟ್ಟ ಮಕ್ಕಳಿರುವ ಮನೆಯಲ್ಲಿ ಮುಟ್ಟುವ ಬಿಸಿ ಮೈ ಕಡಿಮೆ. ಆದರೆ ಅದರ ಐದು ಮುಖಗಳು ಇಟ್ಟಿಗೆಯ ಕಡೆಗೆ ತಿರುಗಿವೆ. ಆ ಶಾಖವನ್ನು ಕೋಣೆಗೆ ತಳ್ಳಲು ಫ್ಯಾನು ಬೇಕು, ಫ್ಯಾನಿಗೆ ಕರೆಂಟು ಬೇಕು. ನ್ಯೂ ಇಂಗ್ಲೆಂಡಿನಲ್ಲಿ ಇದು ಸಣ್ಣ ಮಾತಲ್ಲ. 2008ರ ಡಿಸೆಂಬರಿನಲ್ಲಿ ಸುರಿದ ಹಿಮಮಳೆ ತಂತಿಗಳ ಮೇಲೆ ಗಡ್ಡೆಕಟ್ಟಿ, ಕೊಂಬೆಗಳನ್ನು ಮುರಿದು ಕೆಡವಿ, ನ್ಯೂ ಇಂಗ್ಲೆಂಡ್ ಮತ್ತು ನ್ಯೂಯಾರ್ಕ್ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ವಿದ್ಯುತ್ ಸಂಪರ್ಕಗಳನ್ನು ಕಡಿದುಹಾಕಿತ್ತು. ಕೆಲವು ಊರುಗಳಿಗೆ ಕರೆಂಟು ಮರಳಲು ಎರಡು ವಾರ ಹಿಡಿಯಿತು. ಎಣ್ಣೆಯ ಬಾಯ್ಲರ್ ಇದ್ದವರ ಮನೆಯೂ ತಣ್ಣಗಾಯಿತು, ಅದರ ಬರ್ನರಿಗೂ ಪಂಪಿಗೂ ಕರೆಂಟೇ ಬೇಕಲ್ಲ. ಮರದ ಹೊಟ್ಟಿನ ಗುಳಿಗೆ ಸುಡುವ ಪೆಲೆಟ್ ಒಲೆಗೂ ಅದೇ ಗತಿ. ಇಂಥ ದಿನಗಳಿಗೆಂದೇ ಸೌದೆ ಒಲೆ ಬೇಕೆನ್ನುವವರು ಕಲ್ಲುಹಾಸಿನ ಅಳತೆ ಅವಕಾಶ ಕೊಟ್ಟರೆ ಬಿಡಿ ಒಲೆಯನ್ನೇ ಆರಿಸಲಿ. ಅದು ಸುತ್ತಲೂ ಶಾಖ ಬೀರುತ್ತದೆ, ಮೇಲೆ ಒಂದು ಪಾತ್ರೆ ನೀರೂ ಕಾಯುತ್ತದೆ. ಆದರೆ ಬಿಡಿ ಒಲೆಗೆ ಮುಂದೆ ಹದಿನೆಂಟಂಗುಲದಷ್ಟಾದರೂ ಉರಿಯದ ನೆಲ ಬೇಕಾಗಬಹುದು, ಮೇಲಿನ ಮರದ ಹಲಗೆಯಿಂದ ಕೈಪಿಡಿ ಹೇಳುವಷ್ಟು ಅಂತರ ಬೇಕು. ಗೂಡಿನ ಬಾಯಿ ತಗ್ಗಾಗಿದ್ದರೆ ಹೊಗೆಬಾಯಿ ಹಿಂದುಗಡೆ ಇರುವ ಮಾಡೆಲ್ಲನ್ನೇ ಹುಡುಕಬೇಕು. ಟೇಪು ಹಿಡಿದು ಅಳೆಯದೆ ಅಂಗಡಿಗೆ ಹೋಗುವುದು ವ್ಯರ್ಥ.

ಎರಡರಲ್ಲಿ ಯಾವುದನ್ನು ತಂದರೂ, ಕೂರಿಸುವವರು ಬಿಟ್ಟುಬಿಡುವ ಒಂದು ತಗಡಿನ ಬಗ್ಗೆ ಹೇಳಲೇಬೇಕು. ಅಗ್ಗಿಷ್ಟಿಕೆಯ ಗಂಟಲಿನಲ್ಲಿ, ಹೊಗೆಯ ದಾರಿಯನ್ನು ತೆರೆದು ಮುಚ್ಚುವ ಹಳೆಯ ಡ್ಯಾಂಪರ್ ಇದ್ದ ಜಾಗದಲ್ಲಿ, ಲೈನರ್ ಹಾದುಹೋಗುವಷ್ಟೇ ತೂತು ಕೊರೆದ ಒಂದು ಉಕ್ಕಿನ ತಗಡು ಹಾಕಿ, ಅಂಚಿಗೆ ಬೆಂಕಿ ತಡೆಯುವ ಸೀಲಂಟ್ ಬಳಿದು, ಮೇಲೆ ಖನಿಜ ಉಣ್ಣೆ ತುಂಬಬೇಕು. ಅದಿಲ್ಲದಿದ್ದರೆ ಒಲೆಯ ಬೆನ್ನಿನ ಬಿಸಿಯೆಲ್ಲ ಚಿಮಣಿಯ ಒಳಗಿನ ಖಾಲಿ ಜಾಗಕ್ಕೆ ಏರಿ ಅಲ್ಲೇ ಉಳಿಯುತ್ತದೆ, ಹೊರಗೋಡೆಯ ಚಿಮಣಿಯಾದರೆ ಬೀದಿಗೆ ಹೋಗುತ್ತದೆ. ಅರ್ಧ ದಿನದ ಕೆಲಸ, ಅಲ್ಪ ಖರ್ಚು. ‘ಬೇಕಾಗಿಲ್ಲ ಸಾರ್’ ಎನ್ನುವ ಗುತ್ತಿಗೆದಾರರು ಅಲ್ಲೂ ಇದ್ದಾರೆ. ಕೊಟೇಶನ್ನಿನಲ್ಲಿ ಅದನ್ನು ಬರೆಸಿಕೊಳ್ಳಿ.

ಒಲೆಯ ಗಾತ್ರದಲ್ಲಿ ಆಗುವ ತಪ್ಪು ಹೆಚ್ಚುಕಡಿಮೆ ಯಾವಾಗಲೂ ಒಂದೇ ದಿಕ್ಕಿನದು: ದೊಡ್ಡದನ್ನು ತರುವುದು. ಚೀಟಿಯ ಮೇಲೆ ಗಂಟೆಗೆ 70,000 ಬಿ.ಟಿ.ಯು. ಎಂದು ಬರೆದಿರುತ್ತದೆ, ಅಂದರೆ 20 ಕಿಲೋವ್ಯಾಟು, ನಮ್ಮ ಬಚ್ಚಲಮನೆಯ ಹತ್ತು ಗೀಸರುಗಳಷ್ಟು. ಅದು ಒಲೆ ತುಂಬ ಸೌದೆ ಜೋರಾಗಿ ಉರಿಯುವ ಸ್ವಲ್ಪ ಹೊತ್ತಿನ ಲೆಕ್ಕ. ದಿನದ ಲೆಕ್ಕ ಬೇರೆ. ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು ನಾಲ್ಕು ಯೂನಿಟ್ ಶಾಖವಿದೆ, ಒಳ್ಳೆಯ ಒಲೆ ಅದರಲ್ಲಿ ಮೂರನ್ನು ಕೋಣೆಗೆ ಕೊಡುತ್ತದೆ. ಹತ್ತು ಕಿಲೋ ತುಂಬಿದರೆ 30 ಯೂನಿಟ್. ಅದು ಎಂಟು ಗಂಟೆ ಉರಿದರೆ ಸರಾಸರಿ ನಾಲ್ಕು ಕಿಲೋವ್ಯಾಟಿಗೆ ಹತ್ತಿರ, ಮೂರೇ ಗಂಟೆಯಲ್ಲಿ ಉರಿದರೆ ಹತ್ತು. ಗೋಡೆಗಳಿಗೆ ಸರಿಯಾದ ಶಾಖನಿರೋಧಕ ತುಂಬಿರುವ ಹಜಾರಕ್ಕೆ ಬಹುಪಾಲು ದಿನ ಎರಡು ಮೂರು ಕಿಲೋವ್ಯಾಟು ಸಾಕು. ದೊಡ್ಡ ಒಲೆ ತಂದವರು ಒಂದು ಗಂಟೆಯಲ್ಲಿ ಬೆವರಿ, ಗಾಳಿಯ ಕಿಂಡಿಯನ್ನು ಪೂರ್ತಿ ಮುಚ್ಚುತ್ತಾರೆ. ಬೆಂಕಿ ಉಸಿರುಗಟ್ಟಿ ಕನಲುತ್ತದೆ, ಗಾಜು ಕಪ್ಪಾಗುತ್ತದೆ, ಚಿಮಣಿಗೆ ಕ್ರಿಯೋಸೋಟ್ ಹಿಡಿಯುತ್ತದೆ, ಪಕ್ಕದ ಮನೆಗೆ ಹೊಗೆ ಹೋಗುತ್ತದೆ. ಸಣ್ಣ ಒಲೆ ಜೋರಾಗಿ, ಶುಭ್ರವಾಗಿ ಉರಿಯುತ್ತದೆ. ‘ಜನವರಿಯ ಕೊರೆಯುವ ರಾತ್ರಿಗೆ ಸಾಲದಿದ್ದರೆ?’ ಎಂಬ ಅಂಜಿಕೆಗೆ ಉತ್ತರ ಮನೆಯಲ್ಲೇ ಇದೆ: ಇರುವ ಬಾಯ್ಲರನ್ನು ಯಾರೂ ಕಿತ್ತೆಸೆಯುತ್ತಿಲ್ಲ. ವರ್ಷದ ಹತ್ತು ಕಡುಚಳಿಯ ರಾತ್ರಿಗಳಿಗಾಗಿ ಉಳಿದೆಲ್ಲ ದಿನ ಒಲೆಯ ಕತ್ತು ಹಿಸುಕುವುದು ಬೇಡ. ಬೇರೆ ತಾಪನ ವ್ಯವಸ್ಥೆಯೇ ಇಲ್ಲದ, ಸೌದೆಯೊಂದನ್ನೇ ನಂಬಿದ ಮನೆಯಾದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ.

ಸೌದೆಯ ವಿಷಯಕ್ಕೆ ಬಂದರೆ, ಓಕ್ ಒಳ್ಳೆಯದೋ ಮೇಪಲ್ ಒಳ್ಳೆಯದೋ ಎಂಬ ಚರ್ಚೆಗೆ ಕೊನೆಯಿಲ್ಲ. ತೂಕಕ್ಕೆ ತೂಕ ಹಿಡಿದರೆ ಎಲ್ಲ ಮರದ ಶಾಖವೂ ಹೆಚ್ಚುಕಡಿಮೆ ಒಂದೇ. ಓಕ್ ಭಾರವಾದ್ದರಿಂದ ಅದೇ ಜಾಗದಲ್ಲಿ ಹೆಚ್ಚು ಹಿಡಿಯುತ್ತದೆ ಅಷ್ಟೆ. ಮುಖ್ಯವಾದದ್ದು ತೇವ. ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕು. ನೀರನ್ನು ಆವಿ ಮಾಡಲು ಶಾಖ ಹೋಗುತ್ತದೆ, ಅದೇ ನಷ್ಟ ಎಂದು ಹಲವರ ತಿಳಿವಳಿಕೆ. ಲೆಕ್ಕ ಹಾಕಿದರೆ ಆ ಪಾಲು ದೊಡ್ಡದಲ್ಲ: ಹತ್ತು ಕಿಲೋ ಹಸಿ ಸೌದೆಯಲ್ಲಿ ನಾಲ್ಕು ಕಿಲೋ ನೀರಿದ್ದರೂ ಅದನ್ನು ಓಡಿಸಲು ಹೋಗುವುದು ಸೌದೆಯ ಶಾಖದಲ್ಲಿ ಹತ್ತನೇ ಒಂದು ಪಾಲಿನಷ್ಟು. ನಿಜವಾದ ನಷ್ಟ ಬೇರೆ ಕಡೆ. ಹೊಗೆ ಹೊತ್ತಿಕೊಳ್ಳಲು ಒಲೆಯೊಳಗೆ ಸುಮಾರು 600 ಡಿಗ್ರಿ ಬೇಕು. ಒದ್ದೆ ಸೌದೆ ಅಲ್ಲಿಗೆ ಏರಲು ಬಿಡುವುದಿಲ್ಲ, ಹೊಗೆ ಉರಿಯದೆ ಹಾಗೇ ಹೋಗುತ್ತದೆ. ಎಷ್ಟೇ ದುಬಾರಿ ಒಲೆಯಾದರೂ ಆಗ ಹಳೆಯ ಡಬ್ಬಿ ಒಲೆಯೇ. ಓಕ್ ಸೀಳಿ ಪೇರಿಸಿದ ಮೇಲೆ ಒಣಗಲು ಎರಡು ಬೇಸಗೆ ಬೇಕಾಗಬಹುದು. ‘ಒಣಗಿದ್ದು’ ಎಂದು ಮಾರುವ ಸೌದೆ ಎಷ್ಟೋ ಸಲ ಕಳೆದ ವಸಂತದಲ್ಲಿ ಕಡಿದದ್ದಾಗಿರುತ್ತದೆ. ಒಂದು ಸೀಳನ್ನು ಮತ್ತೆ ಎರಡಾಗಿ ಒಡೆದು, ಹೊಸ ಮೈಗೆ ತೇವಮಾಪಕದ ಮುಳ್ಳು ಚುಚ್ಚಿ ನೋಡಬೇಕು. ಹೊರಮೈಗೆ ಚುಚ್ಚಿದರೆ ಅದು ಸುಳ್ಳು ಹೇಳುತ್ತದೆ. ಅಲ್ಲಿ ಸೌದೆ ಮಾರುವುದು ಕಾರ್ಡ್ ಲೆಕ್ಕದಲ್ಲಿ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದದ ರಾಶಿ, 128 ಘನ ಅಡಿ. ದೂರದ ಊರಿಂದ ಅಗ್ಗದ ಸೌದೆ ತರುವುದು ಬೇಡ. 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಹಸಿರು ಜೀರುಂಡೆ ಆ್ಯಶ್ ಮರಗಳನ್ನು ಕೋಟಿಗಟ್ಟಲೆ ಕೊಂದಿದೆ, ಅದು ರಾಜ್ಯದಿಂದ ರಾಜ್ಯಕ್ಕೆ ಹಾರಿದ್ದರಲ್ಲಿ ಸೌದೆ ಲಾರಿಗಳ ಪಾಲೂ ಇದೆ.

ಈಗ ಮಾಡೆಲ್. ಹೊಗೆ ಸುಡುವ ಬಗೆ ಎರಡು. ಒಲೆಯ ಮೇಲ್ಭಾಗದ ಕೊಳವೆಗಳಿಂದ ಕಾದ ಗಾಳಿ ಬಿಟ್ಟು ಹೊಗೆಗೆ ಬೆಂಕಿ ಹಚ್ಚುವುದು ಒಂದು. ಪೆಲೇಡಿಯಂ, ಪ್ಲಾಟಿನಂ ಲೇಪಿಸಿದ ಜೇನುಗೂಡಿನಂಥ ಜಾಲರಿಯ ಮೂಲಕ ಹೊಗೆಯನ್ನು ಹಾಯಿಸಿ ಸುಮಾರು 260 ಡಿಗ್ರಿಯಲ್ಲೇ ಉರಿಸುವುದು ಇನ್ನೊಂದು, ಅದು ಕೆಟಲಿಟಿಕ್. ಎರಡನೆಯದು ಇಡೀ ರಾತ್ರಿ ಸಣ್ಣಗೆ ಉರಿಯಬಲ್ಲದು, ಆದರೆ ಜಾಲರಿ ಕೆಲವು ಚಳಿಗಾಲಗಳ ನಂತರ ಸವೆಯುತ್ತದೆ, ಬದಲಿಸಬೇಕು, ಕಾಗದ ಕಸ ಹಾಕಿದರೆ ಬೇಗ ಕೆಡುತ್ತದೆ. ದಿನವಿಡೀ ಉರಿಸುವವರಿಗೆ ಅದು, ಸಂಜೆಯಷ್ಟೇ ಉರಿಸುವವರಿಗೆ ಮೊದಲನೆಯದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಇ.ಪಿ.ಎ., 1988ರಲ್ಲಿ ಮೊದಲ ಸಲ ಒಲೆಗಳ ಹೊಗೆಗೆ ಮಿತಿ ಹಾಕಿತು. 2020ರ ಮೇ ತಿಂಗಳಿಂದ ಮಾರುವ ಒಲೆ ಗಂಟೆಗೆ 2 ಗ್ರಾಂ, ಸಾಮಾನ್ಯ ಸೌದೆಯಲ್ಲಿ ಪರೀಕ್ಷಿಸಿದ್ದಾದರೆ 2.5 ಗ್ರಾಂ, ಇದಕ್ಕಿಂತ ಹೆಚ್ಚು ಕಣ ಉಗುಳುವಂತಿಲ್ಲ. ಪ್ರಮಾಣಪತ್ರವಿಲ್ಲದ ಹಳೆಯವು ಹದಿನೈದು ಇಪ್ಪತ್ತು ಗ್ರಾಂ ಉಗುಳುತ್ತಿದ್ದವು. ಇದು ದೊಡ್ಡ ಸುಧಾರಣೆ. ಆದರೆ 1.1 ಗ್ರಾಂ ಬರೆದ ಒಲೆ 1.6 ಬರೆದದ್ದಕ್ಕಿಂತ ಮೇಲು ಎಂದು ದುಡ್ಡು ಸುರಿಯಬೇಡಿ. 2 ಗ್ರಾಂ ಮಿತಿಯ ಪರೀಕ್ಷೆಗೆ ಬಳಸುತ್ತಿದ್ದದ್ದು ಅಳತೆಗೆ ಕೊಯ್ದು ಮೊಳೆ ಹೊಡೆದ ಫರ್ ಮರದ ತುಂಡುಗಳನ್ನು, ನಿಮ್ಮ ಸೂರಿನಡಿಯ ಗಂಟುಗಂಟಾದ ಸೀಳುಗಳನ್ನಲ್ಲ. ಆ ಪರೀಕ್ಷೆ ನಡೆಸುವ ಪ್ರಯೋಗಾಲಯಕ್ಕೆ ದುಡ್ಡು ಕೊಡುವವರೂ ತಯಾರಕರೇ. 2023ರ ಫೆಬ್ರುವರಿಯಲ್ಲಿ ಇ.ಪಿ.ಎ.ಯದೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿ, ಒಲೆಗಳು ಸರಿಯಾಗಿ ಪರೀಕ್ಷೆಯಾಗಿ ಗ್ರಾಹಕರ ಕೈಸೇರುತ್ತಿವೆ ಎಂಬ ಭರವಸೆಯನ್ನು ಈ ವ್ಯವಸ್ಥೆ ಕೊಡುತ್ತಿಲ್ಲ ಎಂದು ವರದಿ ಮಾಡಿದೆ. ಪ್ರಮಾಣಪತ್ರ ಇರಲೇಬೇಕು, ಅಂಕಿಯ ಸಣ್ಣ ವ್ಯತ್ಯಾಸಕ್ಕೆ ಬೆಲೆಯಿಲ್ಲ. ಅಂದಹಾಗೆ, ಒಳ್ಳೆಯ ಒಲೆಗೆ 2,000 ಡಾಲರಿನವರೆಗೆ ಸಿಗುತ್ತಿದ್ದ ಕೇಂದ್ರ ತೆರಿಗೆ ರಿಯಾಯಿತಿ 2025ರ ಕೊನೆಗೆ ಮುಗಿದಿದೆ, ಹಳೆಯ ಜಾಹೀರಾತು ನೋಡಿ ಮೋಸ ಹೋಗಬೇಡಿ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹೊರಗಿನ ಗಾಳಿಯ ಶಾಖವನ್ನು ಕರೆಂಟಿನ ಬಲದಿಂದ ಮನೆಯೊಳಗೆ ತರುವ ಹೀಟ್ ಪಂಪಿನ ಕಾಲದಲ್ಲಿ ಸೌದೆ ಏಕೆ? ಅದರ ಹೊಗೆ ಕೆಟ್ಟದ್ದಲ್ಲವೇ? ಕೆಟ್ಟದ್ದೇ, ಅದನ್ನು ಒಪ್ಪಬೇಕು. ಮೊಂಟಾನಾದ ಲಿಬ್ಬಿ ಎಂಬ ಕಣಿವೆಯೂರಿನಲ್ಲಿ ಚಳಿಗಾಲದ ಸೂಕ್ಷ್ಮ ಕಣಗಳ ಬಹುಪಾಲು ಸೌದೆ ಒಲೆಗಳಿಂದಲೇ ಬರುತ್ತಿತ್ತು. 2005ರಿಂದ 2007ರವರೆಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಹಳೆಯ ಒಲೆಗಳನ್ನು ಬದಲಿಸಿದರು. ಊರಿನ ಗಾಳಿಯಲ್ಲಿನ ಕಣಗಳು ಕಾಲು ಪಾಲಿಗಿಂತ ಹೆಚ್ಚು ಇಳಿದವು. ಇದನ್ನು ಯಶಸ್ಸೆಂದು ಹೇಳಬಹುದು, ಹೇಳುತ್ತಾರೆ ಕೂಡ. ಆದರೆ ಇಷ್ಟೊಂದು ಒಲೆ ಬದಲಿಸಿಯೂ ಮುಕ್ಕಾಲು ಪಾಲಿನಷ್ಟು ಉಳಿಯಿತು ಎಂದೂ ಓದಬೇಕು. ಒಲೆಯೊಂದನ್ನೇ ಬದಲಿಸಿದರೆ ಇಷ್ಟೇ. ಉರಿಸುವ ಕ್ರಮ, ಸೌದೆ, ಚಿಮಣಿ ಹಾಗೇ ಉಳಿದರೆ ಹೊಸ ಒಲೆಯೂ ಹೊಗೆಯಾಡುತ್ತದೆ. ಇಂಗ್ಲೆಂಡ್ 2021ರ ಮೇ ತಿಂಗಳಿಂದ ಸಣ್ಣ ಪ್ರಮಾಣದಲ್ಲಿ ಒದ್ದೆ ಸೌದೆ ಮಾರುವುದನ್ನೇ ನಿಷೇಧಿಸಿದ್ದು ಇದನ್ನು ಅರಿತೇ.

ನಮ್ಮ ನೆಲದಲ್ಲೂ ಇದಕ್ಕೆ ಸಾಕ್ಷಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಮೂರು ಪಾತ್ರೆಯ ಒಲೆ, ಬಾಯಿಗೆ ಮುಚ್ಚಳ, ಕೆಳಗೆ ಗಾಳಿಯಾಡುವ ಜಾಲರಿ, ಹಿಂದೆ ಹೊಗೆ ಕೊಳವೆ ಇಟ್ಟು ಸೌದೆ ಉಳಿಸಿತು. ಅಡುಗೆಯ ಒಲೆಯಾದರೂ ಅದರ ತತ್ವ ಈ ಒಲೆಗಳದ್ದೇ: ಬೆಂಕಿಗೆ ಎಷ್ಟು ಬೇಕೋ ಅಷ್ಟೇ ಗಾಳಿ, ಹೊಗೆಗೆ ಸರಿಯಾದ ದಾರಿ. ಆದರೆ ಒಡಿಶಾದ ಹಳ್ಳಿಗಳಲ್ಲಿ ಚಿಮಣಿ ಇರುವ ಸುಧಾರಿತ ಒಲೆ ಹಂಚಿ ನಾಲ್ಕು ವರ್ಷ ಹಿಂಬಾಲಿಸಿದ ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕಲ್ ಗ್ರೀನ್‌ಸ್ಟೋನ್ ಅವರ ಅಧ್ಯಯನ 2016ರಲ್ಲಿ ಪ್ರಕಟವಾದಾಗ ಕಂಡದ್ದು ಬೇರೆ. ಮೊದಲ ವರ್ಷ ಅಡುಗೆ ಮಾಡುವವರ ಉಸಿರಿಗೆ ಹೋಗುವ ಹೊಗೆ ಇಳಿಯಿತು. ಆಮೇಲೆ ಒಲೆಯ ಬಳಕೆಯೂ ತಗ್ಗಿತು, ನಿರ್ವಹಣೆಯೂ ನಿಂತಿತು, ಲಾಭವೆಲ್ಲ ಕರಗಿಹೋಯಿತು. ಪ್ರಯೋಗಾಲಯದ ಅಂಕಿಗೂ ಮನೆಯ ಬೆಂಕಿಗೂ ನಡುವೆ ಇರುವುದು ಚಿಮಣಿ ಗುಡಿಸುವ ಕೆಲಸ.

ಹೀಟ್ ಪಂಪಿನ ವಾದಕ್ಕೆ ನನ್ನ ತಕರಾರಿಲ್ಲ. ಇಡೀ ಮನೆಯನ್ನು ದಿನವೂ ಬೆಚ್ಚಗಿಡಲು ಅದೇ ಲೇಸು. ಸೌದೆ ಒಲೆ ಅದರ ಎದುರಾಳಿಯಲ್ಲ. ಕರೆಂಟು ಹೋದ ರಾತ್ರಿಗೂ, ಮನೆಮಂದಿ ಕೂರುವ ಒಂದು ಕೋಣೆಗೂ ಅದು. ಅಂಟಿಕೊಂಡ ಮನೆಗಳ ಬಡಾವಣೆಯಲ್ಲಿ ಇದ್ದರೆ, ಮನೆಯಲ್ಲಿ ಆಸ್ತಮಾದವರಿದ್ದರೆ, ಸೌದೆ ಒಣಗಿಸಲು ಜಾಗವಿಲ್ಲದಿದ್ದರೆ, ಚಿಮಣಿ ಗಿಡ್ಡವಾಗಿದ್ದರೆ, ಒಲೆಯ ಆಸೆಯನ್ನು ಬಿಡುವುದೇ ಒಳ್ಳೆಯದು. ಆಗ ಆ ಅಗ್ಗಿಷ್ಟಿಕೆಗೆ ಮಾಡಬೇಕಾದ ಉಪಕಾರವೆಂದರೆ ಚಿಮಣಿಯ ಬಾಯಿಯನ್ನು ಬಿಗಿಯಾಗಿ ಮುಚ್ಚುವುದು. ಮುಚ್ಚದಿದ್ದರೆ ಉರಿಸದ ದಿನಗಳಲ್ಲೂ ಅದು ಮನೆಯ ಬಿಸಿಯನ್ನು ಕದಿಯುತ್ತಿರುತ್ತದೆ.

ಒಲೆ ಬೇಕೇಬೇಕು ಎನ್ನುವವರು ಅಕ್ಟೋಬರಿನಲ್ಲಿ ಅಂಗಡಿಗೆ ಹೋಗುವ ಬದಲು ವಸಂತದಲ್ಲಿ ಚಿಮಣಿ ತಜ್ಞರನ್ನು ಕರೆಸಲಿ. ಒಲೆ ಬದಲಿಸುವಾಗ ಎನ್.ಎಫ್.ಪಿ.ಎ. ಸಂಹಿತೆ ಕೇಳುವುದು ಎರಡನೇ ಹಂತದ ತಪಾಸಣೆ, ಕ್ಯಾಮೆರಾ ಇಳಿಬಿಟ್ಟು ಒಳಗೋಡೆಯನ್ನು ಉದ್ದಕ್ಕೂ ನೋಡುವುದು. ಅದರ ಚಿತ್ರಗಳನ್ನು ಕೇಳಿ ಪಡೆಯಿರಿ. ಸೌದೆಯನ್ನು ಅದೇ ತಿಂಗಳು ತರಿಸಿ ಪೇರಿಸಿ. ಮ್ಯಾಸಚುಸೆಟ್ಸ್‌ನಲ್ಲಿ ಒಲೆ ಕೂರಿಸಲು ಊರಿನ ಕಟ್ಟಡ ಇಲಾಖೆಯ ಪರವಾನಗಿ ಬೇಕು, ವಿಮೆಯವರಿಗೂ ತಿಳಿಸಿ. ಮಲಗುವ ಕೋಣೆಗಳ ಬಳಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ. ಒಲೆ ಉರಿಯುವಾಗ ಅಡುಗೆಮನೆಯ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಹೊಗೆ ಕೋಣೆಗೆ ತಿರುಗಬಹುದು, ಅದು ನೆನಪಿರಲಿ. ವರ್ಷಕ್ಕೊಮ್ಮೆ ಚಿಮಣಿ ತಪಾಸಣೆ ಆಗಲೇಬೇಕು. ಒಲೆ ಯಾವ ಕಂಪನಿಯದು ಎಂಬುದನ್ನು ಇಷ್ಟೆಲ್ಲ ಮುಗಿದ ಮೇಲೆ ನಿಮಗೆ ಹಿಡಿಸಿದಂತೆ ನಿರ್ಧರಿಸಿ.